ಯಾದಗಿರಿ–ಶಹಾಪುರ–ಸುರಪುರ ತ್ರಿಕೋನದ ಉಚ್ಚವೇತನಿಗರ ಮಹಾನಗರೀಯ ಅಪರ್ಯಾಪ್ತತೆ: ಒಂದು ಬಹುಶಿಸ್ತೀಯ ತಾತ್ವಿಕ ಅನುಸಂಧಾನ

1. ಸಮಸ್ಯೆಯ ಸ್ವರೂಪ ಮತ್ತು ಸ್ವರೂಪದ ಸಮಸ್ಯೆ

ದುಬಾರಿ ನಗರಗಳಲ್ಲಿ ದೊಡ್ಡ ಪಗಾರ ಸಾಲುತ್ತದೆಯೇ ಎಂಬ ಪ್ರಶ್ನೆಗೆ ಸಂಕಥನಾತ್ಮಕ ನೆಲೆಯಲ್ಲಿ ಮುಖಾಮುಖಿಯಾಗಲು ಪ್ರಸ್ತುತ ಪ್ರಬಂಧವು ಒಂದು ವಿನಮ್ರ ಪ್ರಯತ್ನವಾಗಿದೆ. 'ವಿನಮ್ರ' ಎಂದದ್ದು ವಿಚಾರ ಸಂಕಿರಣದ ರೂಢಿಗಾಗಿ. ಪ್ರಬಂಧಕಾರರಿಗೆ ಅಂಥ ಉದ್ದೇಶವೇನಿಲ್ಲ. ಇದೇ ಪ್ರಶ್ನೆಯನ್ನು ಶಹಾಪುರದ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ, "ಬೆಂಗ್ಳೂರಾಗ ತಿಂಗ್ಳಿಗಿ ಲಕ್ಷ ರೂಪಾಯಿ ಪಗಾರಂತ, ಆದ್ರೂ ಸಾಲಂಗಿಲ್ಲ ಅಂತಾನ ನಮ್ಮ ಹುಡ್ಗ" ಎಂದು ಒಂದೇ ಉಸಿರಿಗೆ ಎತ್ತಿ, ಎದುರಿಗಿದ್ದವನಿಂದ "ಬಾಡಿಗಿ ಭಾಳ ಅದಾ ಅಲ್ಲಿ" ಎಂಬ ಉತ್ತರ ಪಡೆದು, ಚಹಾ ಮುಗಿಸಿ ಎದ್ದು ಹೋಗುತ್ತಾರೆ. ಇಷ್ಟು ಬೇಗ ಮುಗಿದುಹೋಗುವ ವಿಷಯದಲ್ಲಿ ಪರಿಭಾಷೆಯ ತೀವ್ರ ಕೊರತೆಯಿರುವುದು ಯಾರಿಗಾದರೂ ಕಾಣುತ್ತದೆ. ಆ ಕೊರತೆಯನ್ನು ನೀಗಿಸುವುದೇ ಈ ಪ್ರಬಂಧದ ಮೂಲ ಕೊಡುಗೆ.

ಆದ್ದರಿಂದ ಇನ್ನು ಮುಂದೆ ಪಗಾರವನ್ನು 'ಮಾಸಾಂತ್ಯ ದ್ರವ್ಯಾಗಮ' ಎಂದೂ, ಬಾಡಿಗೆಯನ್ನು 'ಪರಗೃಹವಾಸ ದಂಡ' ಎಂದೂ, ಇಪ್ಪತ್ತನೇ ತಾರೀಖಿಗೇ ಬ್ಯಾಂಕ್ ಖಾತೆ ಬರಿದಾಗುವುದನ್ನು 'ಉತ್ತರಪಾಕ್ಷಿಕ ಶೂನ್ಯಸಂವೇದನೆ' ಎಂದೂ ಕರೆಯತಕ್ಕದ್ದು. ಊರಿಗೆ ಕಳಿಸುವ ದುಡ್ಡಿಗೆ ಮಾತ್ರ ಯಾವ ಶಾಸ್ತ್ರದಲ್ಲೂ ಹೆಸರು ಸಿಗಲಿಲ್ಲ. ಅದನ್ನು ಸದ್ಯಕ್ಕೆ ಖಾಲಿ ಬಿಡಲಾಗಿದೆ.

ಅಧ್ಯಯನದ ವ್ಯಾಪ್ತಿ ಯಾದಗಿರಿ, ಶಹಾಪುರ, ಸುರಪುರ. ಹುಣಸಗಿ, ವಡಗೇರಾ, ಗುರುಮಠಕಲ್ ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆ ನಿಜ. ಆದರೆ ತ್ರಿಕೋನಕ್ಕೆ ಮೂರೇ ಮೂಲೆಗಳಿರುವುದರಿಂದ, ಶುದ್ಧ ವಿಧಾನಶಾಸ್ತ್ರೀಯ ಕಾರಣಕ್ಕೆ ಅವುಗಳನ್ನು ಕೈಬಿಡಲಾಗಿದೆ.

2. ಪೂರ್ವಸೂರಿಗಳ ಪರಾಮರ್ಶೆ

ಆದಾಯ ಏರಿದಂತೆ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಹೇಳಿದ್ದು 1857ರಲ್ಲಿ. ಅದೇ ಹೊತ್ತಿಗೆ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ಮೇಲೆ ಏಳುವ ತಯಾರಿಯಲ್ಲಿದ್ದರು. ಎರಡು ಘಟನೆಗಳಿಗೂ ಯಾವ ಸಂಬಂಧವೂ ಇಲ್ಲ. ಆದರೆ ಸಂಬಂಧವಿಲ್ಲದ್ದನ್ನು ಒಂದೇ ಪ್ಯಾರಾದಲ್ಲಿ ಕೂರಿಸಿ 'ಗಮನಾರ್ಹ' ಎನ್ನದಿದ್ದರೆ ಅದನ್ನು ಸಂಶೋಧನೆ ಎಂದು ಯಾರೂ ಒಪ್ಪುವುದಿಲ್ಲ. ಗಮನಾರ್ಹ. ಇನ್ನು, ಊಟದಿಂದ ಉಳಿದದ್ದನ್ನು ಯಾರು ಉಣ್ಣುತ್ತಾರೆಂಬುದನ್ನು ಎಂಗೆಲ್ ವಿವರಿಸಲಿಲ್ಲ. ಅವರಿಗೆ ಬೆಂಗಳೂರಿನ ಮನೆ ಮಾಲೀಕರ ಪರಿಚಯವಿರಲಿಲ್ಲ.

ಬ್ರಿಟನ್ನಿನ ಪಾರ್ಕಿನ್ಸನ್ 1960ರಲ್ಲಿ, ಖರ್ಚು ಏರಿ ಏರಿ ಆದಾಯವನ್ನು ಮುಟ್ಟುತ್ತದೆ ಎಂದು ಸಾರಿದರು. ಮುಟ್ಟಿದ ಮೇಲೆ ಏನಾಗುತ್ತದೆಂದು ಆ ಒಂದು ಸಾಲಿನ ಸೂತ್ರ ಹೇಳುವುದಿಲ್ಲ. ಬೆಳ್ಳಂದೂರಿನಲ್ಲಿ ಅದು ಕ್ರೆಡಿಟ್ ಕಾರ್ಡ್ ತೋರಿಸಿ ಇನ್ನೂ ಮುಂದಕ್ಕೆ ಹೋಗುತ್ತದೆ.

ದೇಸೀ ಪುರಾವೆ ಇದಕ್ಕಿಂತ ಗಟ್ಟಿ. ತನ್ನ ಕಾಲದ ಹಿಂದುಸ್ತಾನದಲ್ಲಿ ಔರಂಗಜೇಬನಿಗಿಂತ ದೊಡ್ಡ ಪ್ಯಾಕೇಜ್ ಯಾರಿಗೂ ಇರಲಿಲ್ಲ. ಆತ 1705ರಲ್ಲಿ ಮುದಿ ವಯಸ್ಸಿನಲ್ಲಿ ಸುರಪುರ ಸೀಮೆಗೆ ಸ್ವತಃ ಬಂದು ವಾಗಣಗೇರಿಗೆ ಮುತ್ತಿಗೆ ಹಾಕಿದ. ಕೋಟೆ ಸಿಕ್ಕಿತು, ಸುರಪುರದ ದೊರೆ ಪಿಡ್ಡ ನಾಯಕ ಸಿಗಲಿಲ್ಲ. ಅದೇ ಬಾದಶಹನ ಕೊನೆಯ ಮುತ್ತಿಗೆ, 1707ರಲ್ಲಿ ತೀರಿಕೊಂಡ. ಉಚ್ಚ ಆದಾಯದ ಅಪರ್ಯಾಪ್ತತೆಗೆ ನಮ್ಮ ತ್ರಿಕೋನದಲ್ಲಿ ಸಿಗುವ ಮೊದಲ ಉಲ್ಲೇಖ ಇದೆಂದು ಈ ಪ್ರಬಂಧ ಮಂಡಿಸುತ್ತದೆ.

ಎರಡನೆಯ ಉಲ್ಲೇಖ ಮೆಡೋಸ್ ಟೇಲರ್. ಇಂಗ್ಲೆಂಡಿನಲ್ಲಿ ಹುಟ್ಟಿ ಹದಿಹರೆಯದಲ್ಲೇ ಮುಂಬೈಗೆ ದುಡಿಯಲು ಬಂದ ಈತ ಮುಂದೆ ನಿಜಾಮರ ಸೇವೆ ಸೇರಿ, ವೆಂಕಟಪ್ಪ ನಾಯಕರು ಇನ್ನೂ ಬಾಲಕರಾಗಿದ್ದಾಗ ಸುರಪುರದ ಆಡಳಿತ ನೋಡಿಕೊಂಡ. ಅಲ್ಲಿ ಗುಡ್ಡದ ಮೇಲೆ ಗಾಳಿ ಆಡುವ ಬಂಗಲೆಯನ್ನೂ ಕಟ್ಟಿಸಿದ. 'ಟೇಲರ್ ಮಂಜಿಲ್' ಈಗಲೂ ಇದೆ. ಗುಳೆ ಬಂದು ಬಂಗಲೆ ಕಟ್ಟಿದ ಉದಾಹರಣೆ ನಮ್ಮ ಸೀಮೆಯಲ್ಲಿ ಇದೊಂದೇ. ಆದರೆ ಆಗ ಗುಳೆ ಈ ಕಡೆಗೆ ಬರುತ್ತಿತ್ತು.

3. ಸೈದ್ಧಾಂತಿಕ ಪಂಥಗಳು

ನಗರದ ದುಬಾರಿತನವನ್ನು ಕುರಿತು ಮೂರು ದರ್ಶನಗಳಿವೆ.

ಮೊದಲನೆಯದು ಅದ್ವೈತ. ಇದರ ಪ್ರತಿಪಾದಕರು ಆದಾಯ ತೆರಿಗೆಯವರು. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆಬಾಡಿಗೆ ಭತ್ಯೆಯ ವಿನಾಯಿತಿ ಲೆಕ್ಕ ಹಾಕುವಾಗ ದಿಲ್ಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗೆ ಸಂಬಳದ ಶೇ. 50ರ ಮಿತಿ, ಉಳಿದ ಎಲ್ಲ ಊರುಗಳಿಗೆ ಶೇ. 40 ಎಂದಿತ್ತು. ದಶಕಗಳ ಕಾಲ ಬೆಂಗಳೂರು ಆ 'ಉಳಿದ' ಊರುಗಳಲ್ಲೇ ಇತ್ತು. ಅಂದರೆ ಕೋರಮಂಗಲವೂ ಕೆಂಭಾವಿಯೂ ತತ್ತ್ವತಃ ಒಂದೇ, ಭೇದ ತೋರುವುದು ಮಾಯೆ. ಬಾಡಿಗೆ ಕಟ್ಟುವವನ ಅಜ್ಞಾನವೇ ಅವನ ದುಃಖಕ್ಕೆ ಕಾರಣ.

ಎರಡನೆಯದು ದ್ವೈತ. ಇದು ನಮ್ಮ ರಾಜ್ಯ ಸರ್ಕಾರದ ಪಂಥ. ಏಳನೇ ವೇತನ ಆಯೋಗದ ಬಳಿಕ, 2024ರ ಆಗಸ್ಟ್‌ನಿಂದ, ಬೆಂಗಳೂರಿನ ಸರ್ಕಾರಿ ನೌಕರನ ಮನೆಬಾಡಿಗೆ ಭತ್ಯೆ ಮೂಲವೇತನದ ಶೇ. 20, ಯಾದಗಿರಿಯವನದು ಶೇ. 7.5. ಊರೂರಿಗೂ ಭೇದವಿದೆ, ತಾರತಮ್ಯ ಸತ್ಯ, ಅದಕ್ಕೆ ಸರ್ಕಾರಿ ಆದೇಶದ ಪ್ರಮಾಣವಿದೆ.

ಮೂರನೆಯದು ವಿಶಿಷ್ಟಾದ್ವೈತ, ಬೆಂಗಳೂರಿನ ಮಾಲೀಕರದು: ಬಾಡಿಗೆದಾರರೆಲ್ಲ ಒಂದೇ, ಆದರೂ ವಿಶೇಷವಾಗಿ ಹತ್ತು ತಿಂಗಳ ಠೇವಣಿ. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಬೇಡವೆನ್ನುತ್ತದೆ. ಆದರೆ ಅದು ಬರೀ ಮಾದರಿ.

ಇವುಗಳ ಜೊತೆಗೆ ಒಂದು ಪೌರುಷೇಯ ಸೂತ್ರವೂ ಚಾಲ್ತಿಯಲ್ಲಿದೆ: ಐವತ್ತು–ಮೂವತ್ತು–ಇಪ್ಪತ್ತು. ಆದಾಯದ ಅರ್ಧ ಅಗತ್ಯಕ್ಕೆ, ಮೂವತ್ತು ಭಾಗ ಆಸೆಗೆ, ಇಪ್ಪತ್ತು ಉಳಿತಾಯಕ್ಕೆ. ಟೈ ಕಟ್ಟಿಕೊಂಡ ಉಪನ್ಯಾಸಕರು ಇದನ್ನು ಪರದೆಯ ಮೇಲೆ ಬಣ್ಣಬಣ್ಣದ ವೃತ್ತದಲ್ಲಿ ತೋರಿಸಿ, ಕೊನೆಗೆ "ಹೊರಗಿನ ಕಾಫಿ ಬಿಡಿ" ಎಂದು ಮೋಕ್ಷಮಾರ್ಗ ಬೋಧಿಸುತ್ತಾರೆ. ಅಕ್ಕನ ಮದುವೆ ಸಾಲ, ಅಪ್ಪನ ಬೋರ್‌ವೆಲ್ ಸಾಲ, ಅವ್ವನನ್ನು ಕಲಬುರಗಿಗೆ ದವಾಖಾನೆಗೆ ಒಯ್ಯುವ ಖರ್ಚು, ತಮ್ಮನ ಕಾಲೇಜಿನ ಫೀಸು ಆ ವೃತ್ತದ ಯಾವ ಹೋಳಿನಲ್ಲಿ ಬರುತ್ತವೆ? ಅಗತ್ಯವೋ, ಆಸೆಯೋ, ಉಳಿತಾಯವೋ? ಉಪನ್ಯಾಸಕರು ಗಡಿಯಾರ ನೋಡುತ್ತಾರೆ.

4. ಉಚ್ಚವೇತನಿಗರ ಪಂಚವಿಧ ವರ್ಗೀಕರಣ

(ಅ) ನವಾಗತ: ಮೊದಲ ತಿಂಗಳ ಪಗಾರದಲ್ಲಿ ಮನೆಗೆ ಫ್ರಿಜ್ ಕಳಿಸಿದವನು. ಊರಲ್ಲಿ ಕರೆಂಟ್ ಇದ್ದಾಗ ಅದು ತಣ್ಣಗಿರುತ್ತದೆ.

(ಆ) ಕಂತುಬದ್ಧ: ವೈಟ್‌ಫೀಲ್ಡ್ ಆಚೆ ಫ್ಲ್ಯಾಟ್ ಕೊಂಡವನು. ಮನೆ ಬ್ಯಾಂಕಿನದು, ದಾರಿ ಟ್ರಾಫಿಕ್ಕಿನದು, ನೀರು ಟ್ಯಾಂಕರಿನದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್ ನೀರಿಗೇ ದರ ಕಟ್ಟಬೇಕಾಗಿ ಬಂತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ನಾರಾಯಣಪುರದ ಬಸವಸಾಗರದ ದಂಡೆಯಲ್ಲಿ ಈಜು ಕಲಿತವನು ಕೃಷ್ಣೆಯನ್ನು ಬಿಟ್ಟು ಬಂದು ಇಲ್ಲಿ ಟ್ಯಾಂಕರಿನ ಹಾರ್ನ್‌ಗೆ ಕಾಯುತ್ತಾನೆ.

(ಇ) ಪ್ರತ್ಯಾಗಮನಾಭಿಲಾಷಿ: ತಿಂಥಣಿ ಮೌನೇಶ್ವರನ ಜಾತ್ರೆಗೆ ಬಂದಾಗಲೆಲ್ಲ "ಇನ್ನ ಐದ ವರ್ಷ, ಆಮ್ಯಾಲ ಊರಾಗೇ" ಎನ್ನುವವನು. ಆ ಐದು ಪ್ರತಿವರ್ಷ ಐದಾಗಿಯೇ ಉಳಿಯುತ್ತದೆ.

(ಈ) ಮತ್ತು (ಉ): ಓದುಗರು ತಮ್ಮ ತಮ್ಮ ಬೀಗರಲ್ಲಿ ಹುಡುಕಿಕೊಳ್ಳಬೇಕು. ಈ ವರ್ಗೀಕರಣವನ್ನು ಇಲ್ಲಿಗೇ ನಿಲ್ಲಿಸುವುದು ವಾಸಿ. ಏಕೆಂದರೆ ಈ ಉಚ್ಚವೇತನಿಗನ ಜೊತೆಗೆ ಯಾದಗಿರಿಯಲ್ಲಿ ಬೆಂಗಳೂರಿನ ರೈಲು ಹತ್ತಿದ ಇನ್ನೊಬ್ಬನಿಗೆ ಇದರಲ್ಲಿ ಅಕ್ಷರವೇ ಉಳಿದಿಲ್ಲ.

5. ಕ್ಷೇತ್ರಕಾರ್ಯ

ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಎಲ್ಲರೂ ಬಸ್ ಹಿಡಿದು ಯಾದಗಿರಿ ಸ್ಟೇಷನ್ನಿಗೇ ಬರಬೇಕು. ಉದ್ಯಾನ್ ಎಕ್ಸ್‌ಪ್ರೆಸ್ ಬಂದಾಗ ಲ್ಯಾಪ್‌ಟಾಪ್ ಬ್ಯಾಗಿನವನು ಎಸಿ ಬೋಗಿಗೂ, ಜೋಳದ ಹಿಟ್ಟಿನ ಗಂಟು, ಹಾಸಿಗೆ, ಹೆಂಡತಿ, ಕಂಕುಳ ಕೂಸಿನವನು ಜನರಲ್ ಬೋಗಿಗೂ ಓಡುತ್ತಾರೆ. ಬೆಳಿಗ್ಗೆ ಇಬ್ಬರೂ ಇಳಿಯುವುದು ಒಂದೇ ಊರಲ್ಲಿ. ಒಬ್ಬನು ಹನ್ನೊಂದನೇ ಮಹಡಿಯಲ್ಲಿ ಇರುತ್ತಾನೆ. ಇನ್ನೊಬ್ಬನು ಹನ್ನೆರಡನೆಯದಕ್ಕೆ ಇಟ್ಟಿಗೆ ಹೊತ್ತು, ರಾತ್ರಿ ಅದರ ಬುಡದ ತಗಡಿನ ಶೆಡ್ಡಿನಲ್ಲಿ ಮಲಗುತ್ತಾನೆ.

'ಸಾಲುತ್ತದೆಯೇ' ಎಂಬ ಪ್ರಶ್ನೆಯನ್ನು ಮೊದಲನೆಯವನಿಗೆ ಮಾತ್ರ ಕೇಳುತ್ತಾರೆ. ಅವನಿಗಾಗಿ ಅಂಕಣಗಳಿವೆ, ಸಮೀಕ್ಷೆಗಳಿವೆ, ಬಣ್ಣದ ವೃತ್ತಗಳಿವೆ. 2025ರ ಬಜೆಟ್ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದು ಮಧ್ಯಮ ವರ್ಗದ ಕಣ್ಣೀರು ಒರೆಸಿತು. ಅದೇ ವರ್ಷ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆಗಿನ ನೂರು ದಿನವೂ ಕೆಲಸ ಸಿಕ್ಕಿದ್ದರೆ ಒಂದು ಕುಟುಂಬಕ್ಕೆ 37,000. ತೆರಿಗೆ ತಾಗದ ಆ ಒಂದು ಸಂಬಳದಲ್ಲಿ ಇಂಥ 32 ಮನೆಗಳ ಇಡೀ ವರ್ಷದ ನರೇಗಾ ದುಡಿಮೆ ಕೂರುತ್ತದೆ. ಈ 32 ಮನೆಯವರಿಗೆ ಸಾಲುತ್ತದೆಯೇ ಎಂದು ಯಾವ ಬಹುಶಿಸ್ತೀಯನೂ ಕೇಳಿಲ್ಲ. ಸಾಲದ್ದರಿಂದಲೇ ಅವರು ಜನರಲ್ ಬೋಗಿಯಲ್ಲಿ ನಿಂತಿದ್ದಾರೆ.

ವಿಚಾರ ಸಂಕಿರಣವೊಂದರಲ್ಲಿ ವಲಸೆಯನ್ನು 'ಅಸ್ಮಿತೆಯ ಚಲನಶೀಲ ಮರುಕಟ್ಟುವಿಕೆ' ಎಂದು ಕರೆದದ್ದನ್ನು ಕೇಳಿದ್ದೇನೆ. ಇರಲಿ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, 'ಬಾಂಗ್ಲಾದೇಶದವರು' ಎಂಬ ಗುಲ್ಲೆದ್ದು ಕೂಲಿಗಳ ಶೆಡ್ಡುಗಳನ್ನು ಜೆಸಿಬಿ ತಂದು ಕೆಡವಿದರು. ಅಲ್ಲಿ ಅಸ್ಸಾಮಿನವರು, ತ್ರಿಪುರದವರು ಇದ್ದಂತೆ ಉತ್ತರ ಕರ್ನಾಟಕದವರೂ ಇದ್ದರು. ತಮ್ಮದೇ ರಾಜ್ಯದ ರಾಜಧಾನಿಯಲ್ಲಿ, ತಮ್ಮದೇ ಭಾಷೆಯಲ್ಲಿ, ನಾವು ಇಲ್ಲಿಯವರೇ ಎಂದು ಅವರು ಕಾಗದ ತೋರಿಸಬೇಕಾಯಿತು. ತಡೆಯಲು ಹೈಕೋರ್ಟೇ ಬರಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಲ್ಲಿ ಕೂಲಿ ನಿಂತ ಜನ ಊರಿಗೆ ಹೊರಟು ಮೆಜೆಸ್ಟಿಕ್‌ನಲ್ಲಿ ಗಂಟುಮೂಟೆ ಹಿಡಿದು ನಿಂತಾಗ, ಸರ್ಕಾರ ಮೊದಲು ಕೇಳಿದ್ದು ಟಿಕೆಟ್ ದುಡ್ಡು. ಛೀಮಾರಿ ಬಿದ್ದ ಮೇಲೆ ಪ್ರಯಾಣ ಉಚಿತವಾಯಿತು. ಯಾವ ಅಸ್ಮಿತೆ, ಯಾವ ಮರುಕಟ್ಟುವಿಕೆ? ಕಟ್ಟಿದ್ದು ಅವರು, ಕೆಡವಿದ್ದು ನೀವು.

ಊಟದ ವಿರಾಮಕ್ಕೆ ಮುಂಚೆ ಇನ್ನೊಬ್ಬ ವಿದ್ವಾಂಸರು ಶರಣೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆದು 'ತೃಪ್ತಿಯ ಅರ್ಥಶಾಸ್ತ್ರ' ಬೋಧಿಸಿದರು. ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದನೆಂದು ಲಕ್ಕಮ್ಮ ಗದರಿದ್ದು ತನ್ನ ಗಂಡನನ್ನು. ಅಕ್ಕಿ ಕಾಣದ ಮನೆಯ ಮುಂದೆ ನಿಂತು ಆಕೆ ಉಪನ್ಯಾಸ ಕೊಡಲಿಲ್ಲ.

6. ಫಲಿತಗಳು

ಪರಿಭಾಷೆ ಇಲ್ಲಿಗೆ ಮುಗಿಯಿತು. ಉಳಿದದ್ದನ್ನು ನೇರ ಹೇಳುತ್ತೇನೆ.

ಲಕ್ಷದ ಪಗಾರ ಒಬ್ಬನಿಗೆ ಬೆಂಗಳೂರಿನಲ್ಲಿ ಧಾರಾಳವಾಗಿ ಸಾಲುತ್ತದೆ. ಅಪ್ಪ ಕಟ್ಟಿದ ಮನೆ ಜಯನಗರದಲ್ಲಿದ್ದರೆ ಉಳಿಯುತ್ತದೆ ಕೂಡ. ಆದರೆ ಯಾದಗಿರಿಯ ಹುಡುಗನ ಲಕ್ಷ ಒಬ್ಬನದಲ್ಲ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡೆಯದು. ಅಂಥಲ್ಲಿ ಮನೆಗೊಬ್ಬ ಓದಿ ಮೇಲೆ ಬಂದರೆ, ಓದದೆ ಉಳಿದವರ ಬಾಕಿಯೆಲ್ಲ ಅವನ ಹೆಗಲಿಗೆ ಬರುತ್ತದೆ. ಒಂದೇ ಕಂಪನಿ, ಒಂದೇ ಮೇಜು, ಒಂದೇ ಪಗಾರದ ಚೀಟಿ ಇದ್ದರೂ ಇಬ್ಬರ ಆದಾಯ ಒಂದೇ ಅಲ್ಲ. ಶಾಸ್ತ್ರದಲ್ಲಿ ಹೆಸರು ಸಿಗದೆ ನಾನು ಖಾಲಿ ಬಿಟ್ಟ ಜಾಗ ಇದೇ. ಸರ್ಕಾರ ಮಾಡಬೇಕಿದ್ದ ದವಾಖಾನೆ, ಕಾಲೇಜು, ಬೆಳೆಗೆ ಬೆಲೆಯ ಕೆಲಸವನ್ನು ಒಬ್ಬ ಹುಡುಗನ ಖಾತೆ ಪ್ರತಿ ತಿಂಗಳು ಮಾಡುತ್ತಿದೆ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ ದಶಕ ದಾಟಿತು. ಹೈದರಾಬಾದ್ ಕರ್ನಾಟಕವು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಕಡೇಚೂರು–ಬಾಡಿಯಾಳದಲ್ಲಿ ರೈತರ ಸಾವಿರಾರು ಎಕರೆ ಕೈಗಾರಿಕೆಗೆ ಹೋಯಿತು. ಅಲ್ಲಿ ರೈಲ್ವೆಯ ಬೋಗಿ ಕಾರ್ಖಾನೆ ಬಂತು, ಔಷಧ–ರಾಸಾಯನಿಕ ಘಟಕಗಳೂ ಬಂದವು. ಆ ಘಟಕಗಳ ನಾತದ ಬಗ್ಗೆ ಸುತ್ತಲ ಹಳ್ಳಿಗಳು ದೂರುತ್ತಲೇ ಇವೆ. ಜನರಲ್ ಬೋಗಿಯ ನೂಕುನುಗ್ಗಲು ಮಾತ್ರ ಕರಗಿಲ್ಲ.

ಆದ್ದರಿಂದ ನಿರ್ಣಯ ಇಷ್ಟು: ಬೆಂಗಳೂರಿನ ಪಗಾರ ಸಾಲುತ್ತದೆ, ಯಾದಗಿರಿಯಲ್ಲಿ ಕೆಲಸ ಸಾಲದು. ಮುಂದಿನ ಸಂಕಿರಣಕ್ಕೆ ಬರುವ ವಿದ್ವಾಂಸರಲ್ಲಿ ಒಂದು ಅರಿಕೆ. ವಿಮಾನ ಇಳಿದು ಕಾರಿನಲ್ಲಿ ಬರಬೇಡಿ. ಬೆಂಗಳೂರಿನಲ್ಲಿ ಜನರಲ್ ಟಿಕೆಟ್ ತೆಗೆಸಿ, ಯಾದಗಿರಿಯವರೆಗೆ ನಿಂತು ಬನ್ನಿ. ಪ್ರಬಂಧವನ್ನು ಇಳಿದ ಮೇಲೆ ಬರೆಯಿರಿ.