ಕುರಿಗೇಕೆ ತಲೆ ತಿರುಗುವುದಿಲ್ಲ?

ಚಳ್ಳಕೆರೆ ಸೀಮೆಯಲ್ಲಿ ಮೊದಲು ಕಾಣುವುದು ಕುರಿಯ ಬೆನ್ನು. ತಲೆ ಯಾವಾಗಲೂ ನೆಲದಲ್ಲೇ ಇರುವುದರಿಂದ ಅದನ್ನು ಕಾಣಬೇಕಾದರೆ ಸ್ವಲ್ಪ ಕಾಯಬೇಕು. ಮಳೆ ಮುನಿಸಿಕೊಂಡ ನಾಡಿನ ಹುಲ್ಲು ಬೆರಳುದ್ದವೂ ಬೆಳೆಯದೆ ಹೋಗುವುದುಂಟು. ಹಾಗಾಗಿ ಇಲ್ಲಿಯ ಕುರಿ ಮಲೆನಾಡಿನ ದನಕ್ಕಿಂತ ಒಂದಂಗುಲ ಹೆಚ್ಚೇ ಬಗ್ಗಬೇಕು. ಬೆಳಗಿನಿಂದ ಹೀಗೆ ಬಗ್ಗಿದ್ದ ಮಂದೆ, ಕಾಯುವವನು ಒಂದು ಸಿಳ್ಳೆ ಹಾಕಿದನೆಂದರೆ ಒಟ್ಟಿಗೆ ತಲೆ ಎತ್ತುತ್ತದೆ. ಒಂದೂ ತೂರಾಡುವುದಿಲ್ಲ. ಸಿಳ್ಳೆ ಹಾಕಿದಾತ ಮಾತ್ರ, ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದವನು, ಎದ್ದೊಡನೆ ಕೋಲಿಗೆ ಎರಡೂ ಕೈ ಕೊಟ್ಟು, "ತಡೀರಿ ಸಾರ್, ಒಂದ್ ಗಳಿಗೆ ಕಣ್ ಕತ್ಲೆ ಬಂತು" ಎನ್ನುತ್ತಾನೆ. ಕಂಬಳಿಗೆ ಉಣ್ಣೆ ಕೊಟ್ಟ ಪ್ರಾಣಿ ಗಟ್ಟಿ, ಹೊದ್ದವನು ಮೆತ್ತಗೆ.

ಇದರಲ್ಲಿ ಕುರಿಯ ಹೆಚ್ಚುಗಾರಿಕೆ ಬಹಳವೇನಿಲ್ಲ. ನಾಲ್ಕು ಕಾಲಿನದು, ಹೃದಯಕ್ಕೂ ತಲೆಗೂ ಅಂತರ ಕಡಿಮೆ. ತಾಪತ್ರಯ ತಂದುಕೊಂಡದ್ದು ಎರಡು ಕಾಲಿನ ಮೇಲೆ ನಿಲ್ಲುವ ಹಟ ಹಿಡಿದ ನಾವು. ನಾವು ಎದ್ದು ನಿಂತಾಗ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಕಾಲಿಗೂ ಹೊಟ್ಟೆಗೂ ಇಳಿದುಬಿಡುತ್ತದೆ. ಮೇಲೆ ಮಿದುಳಿಗೆ ಬರ. ಆದರೂ ನಾವು ದಿನಾ ಬೆಳಿಗ್ಗೆ ಹಾಸಿಗೆಯ ಪಕ್ಕದಲ್ಲಿ ಬೀಳದಿರುವುದಕ್ಕೆ ಕೊರಳೊಳಗಿನ ಕೆಲವು ನರತುದಿಗಳು ಕಾರಣ.

ದವಡೆಯ ಮೂಲೆಯ ಕೆಳಗೆ, ತಲೆಗೆ ರಕ್ತ ಒಯ್ಯುವ ಶೀರ್ಷಧಮನಿ ಕವಲೊಡೆಯುವಲ್ಲಿ, ಒಂದು ಸಣ್ಣ ಉಬ್ಬಿದೆ. ಹೃದಯದಿಂದ ಹೊರಟ ಮಹಾಪಧಮನಿ ಕಮಾನಾಗಿ ಬಾಗುವಲ್ಲಿ ಇನ್ನೊಂದು ಠಾಣೆ. ಅಲ್ಲಿನ ನರಗಳಿಗೆ ಒತ್ತಡ ನೇರವಾಗಿ ಗೊತ್ತಾಗುವುದಿಲ್ಲ. ನಾಳದ ಗೋಡೆ ಎಷ್ಟು ಹಿಗ್ಗಿತು ಎಂಬುದಷ್ಟೇ ಗೊತ್ತು. ಮೊಳಕಾಲ್ಮೂರಿನ ನೇಕಾರರು ಹಾಸಿನ ಮೇಲೆ ಬೆರಳಾಡಿಸಿ ನೂಲಿನ ಬಿಗಿ ತಿಳಿಯುತ್ತಾರಲ್ಲ, ಹಾಗೆ. ಗೋಡೆ ಹಿಗ್ಗಿದರೆ ಮಿದುಳ ಬುಡಕ್ಕೆ ಸುದ್ದಿಯ ಮೇಲೆ ಸುದ್ದಿ ಹೋಗುತ್ತದೆ. ಅಲ್ಲಿಂದ ವೇಗಸ್ ನರದ ಮೂಲಕ ಹೃದಯಕ್ಕೆ "ನಿಧಾನ" ಎಂಬ ಅಪ್ಪಣೆ, ರಕ್ತನಾಳಗಳಿಗೆ "ಸಡಿಲ ಬಿಡಿ" ಎಂಬ ಅಪ್ಪಣೆ. ಗೋಡೆ ಕುಗ್ಗಿದರೆ ಸುದ್ದಿ ವಿರಳವಾಗುತ್ತದೆ. ವೇಗಸ್ ಹಿಡಿತ ಬಿಡುತ್ತದೆ, ಹೃದಯ ಓಡುತ್ತದೆ, ನಾಳಗಳು ಬಿಗಿಯುತ್ತವೆ. ಹೃದಯ ಈ ಮಾತನ್ನು ಒಂದೆರಡು ಬಡಿತದೊಳಗೆ ಕೇಳುತ್ತದೆ. ನಾಳಗಳಿಗೆ ಇನ್ನೂ ಕೆಲವು ಸೆಕೆಂಡು ಬೇಕು. ಕುರಿಗಾಹಿಯ ಕಣ್ಣಿನ ಕತ್ತಲೆ ಈ ಕೆಲವು ಸೆಕೆಂಡಿನದು.

ಇದನ್ನೆಲ್ಲ ನಮಗೆ ತಿಳಿಸಿಕೊಟ್ಟ ಪ್ರಾಣಿಗಳಿಗೆ ನಾವು ಒಂದು ಜಾತ್ರೆಯನ್ನಾದರೂ ಮಾಡಬೇಕಿತ್ತು. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಹೆಣ್ಣು ಕುದುರೆಯೊಂದನ್ನು ಕಟ್ಟಿ ಕೆಡವಿ, ಅದರ ಧಮನಿಗೆ ಉದ್ದನೆಯ ಗಾಜಿನ ಕೊಳವೆ ಸೇರಿಸಿದ. ರಕ್ತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ, ಬಡಿತಕ್ಕೊಮ್ಮೆ ಏರಿಳಿಯಿತಂತೆ. ಆತ ಅದನ್ನು ಅಚ್ಚು ಹಾಕಿಸಿದ್ದು 1733ರಲ್ಲಿ. ಧರ್ಮೋಪದೇಶದ ನಡುವೆ ಇಷ್ಟಕ್ಕೆ ಬಿಡುವು ಹೇಗೆ ಸಿಕ್ಕಿತೋ! 1866ರಲ್ಲಿ ಸಯೋನ್ ಮತ್ತು ಲುಡ್ವಿಗ್ ಎಂಬ ವಿಜ್ಞಾನಿಗಳು ಮೊಲದ ಎದೆಯಿಂದ ಮಿದುಳಿಗೆ ಹೋಗುವ ಒಂದು ತೆಳ್ಳನೆ ನರವನ್ನು ಕತ್ತರಿಸಿ, ಮಿದುಳ ಕಡೆಯ ತುದಿಯನ್ನು ಕೆಣಕಿದರು. ಒತ್ತಡ ಕುಸಿಯಿತು, ಬಡಿತ ನಿಧಾನವಾಯಿತು. ಕೊರಳಿನ ಠಾಣೆಯನ್ನು ಹೆರಿಂಗ್ ಎಂಬ ವಿಜ್ಞಾನಿ ಗುರುತಿಸಿದ್ದು 1920ರ ದಶಕದಲ್ಲಿ. ಕೊರಳು ಅದುಮಿದರೆ ಹೃದಯ ನಿಧಾನವಾಗುತ್ತದೆ ಎಂಬುದು ಅದಕ್ಕೆ ಮುಂಚೆಯೇ ಗೊತ್ತಿತ್ತು, ಯಾಕೆಂಬುದು ಗೊತ್ತಿರಲಿಲ್ಲ. ವಯಸ್ಸಾದ ಕೆಲವರಲ್ಲಿ ಈ ಜಾಗ ಎಷ್ಟು ಸೂಕ್ಷ್ಮವೆಂದರೆ, ಬಿಗಿ ಕಾಲರ್ ಹಾಕಿ ತಲೆ ತಿರುಗಿಸಿದರೂ ಎಚ್ಚರ ತಪ್ಪಬಹುದು. ಕ್ಷೌರದಂಗಡಿಯಲ್ಲಿ ಕತ್ತು ಹಿಡಿದು ಲಟಕ್ಕೆನ್ನಿಸುವ ಮಾಲೀಶು ಮುಗಿಯುವ ತನಕ ನಾನು ಕುರ್ಚಿಯ ಹಿಡಿ ಬಿಡುವುದಿಲ್ಲ.

ನಮ್ಮವರದೂ ಇದರಲ್ಲಿ ಪಾಲಿದೆ. ಭಾರತದ ವಿಜ್ಞಾನಿ ಔತಾರ್ ಸಿಂಗ್ ಪೈಂಟಲ್ ಅವರು ಬೆಕ್ಕಿನ ನರದ ಒಂದೊಂದೇ ಎಳೆ ಬಿಡಿಸಿ ಅದರ ಮಾತು ಕೇಳಿದವರು. ಹೃತ್ಕರ್ಣ ಎಷ್ಟು ತುಂಬಿತೆಂದು ತಿಳಿಸುವ ನರತುದಿಗಳನ್ನು ತೋರಿಸಿಕೊಟ್ಟರು. ಹಿಗ್ಗನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ ಎಂಬ ಪ್ರೋಟೀನುಗಳೇ ಕೊರಳಿನ ಠಾಣೆಯಲ್ಲೂ ದುಡಿಯುತ್ತವೆ ಎಂದು ಇಲಿಗಳಲ್ಲಿ ಖಾತ್ರಿಯಾದದ್ದು 2018ರಲ್ಲಿ. ಪೀಜೋ ಕಂಡುಹಿಡಿದ ಆರ್ಡೆಂ ಪಟಪೂಟಿಯನ್‌ಗೆ 2021ರಲ್ಲಿ ನೊಬೆಲ್ ಬಂತು. ಇಲಿಗಳಿಗೆ ಎಂದಿನಂತೆ ಏನೂ ಬರಲಿಲ್ಲ.

ಬಗ್ಗಿ ಏಳುವ ವಿದ್ಯೆಯಲ್ಲಿ ಪದವಿ ಪಡೆದದ್ದು ಜಿರಾಫೆ. ಮೈಸೂರು ಮೃಗಾಲಯಕ್ಕೆ ಹೋದ ನಮ್ಮ ಕಡೆಯ ಮಕ್ಕಳು ಅದನ್ನು ನೋಡಿ ಕತ್ತು ನೋಯಿಸಿಕೊಂಡು ಬರುತ್ತಾರೆ. ಅಷ್ಟೆತ್ತರಕ್ಕೆ ರಕ್ತ ಏರಿಸಲು ಅದರ ಒತ್ತಡ ನಮ್ಮದರ ಸುಮಾರು ಇಮ್ಮಡಿ. ನೀರಿಗೆ ಬಗ್ಗಿದಾಗ ತಲೆ ನಾಲ್ಕೈದು ಮೀಟರ್ ಇಳಿಯುತ್ತದೆ, ಎದ್ದಾಗ ಅಷ್ಟೇ ಏರುತ್ತದೆ. ಬೀಳುವುದಿಲ್ಲ. ನಮ್ಮವರಿಗೆ ಆ ಒತ್ತಡ ಇದ್ದಿದ್ದರೆ ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಬೀಗ ಬೀಳುತ್ತಿತ್ತು.

ಮೊಳಕಾಲ್ಮೂರಿನ ಗುಂಡಿ ಮಗ್ಗದ ಮುಂದೆ ಕೂತು ನೋಡಿ. ನೇಕಾರರ ಕಾಲು ಗುಂಡಿಯೊಳಗೆ ಇಳಿಬಿದ್ದಿರುತ್ತದೆ. ರಕ್ತಕ್ಕೆ ಇಳಿಯಲು ಒಳ್ಳೆಯ ಅನುಕೂಲ. ಆದರೆ ತುಳಿಯುವಷ್ಟು ಹೊತ್ತೂ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಆಪತ್ತು ಬರುವುದು ನಮ್ಮಂಥವರು ಬಂದು, ರೇಷ್ಮೆ ಸೀರೆಯ ಸೆರಗಿನ ನವಿಲಿಗೆ ಎಷ್ಟು ದಿನ ಬೇಕು, ಮಕ್ಕಳು ಕಸುಬು ಕಲಿತರೇ ಎಂದೆಲ್ಲ ಅರ್ಧ ಗಂಟೆ ಮಾತಿಗೆಳೆದಾಗ. ಲಾಳಿ ನಿಲ್ಲುತ್ತದೆ, ಕಾಲೂ ನಿಲ್ಲುತ್ತದೆ. ಆಮೇಲೆ ಚಹಾಕ್ಕೆಂದು ಎದ್ದವರು ಗೋಡೆ ಹಿಡಿಯುತ್ತಾರೆ.

ಕೊರಳಿನ ಈ ನರಕ್ಕೆ ಸಮಯಕ್ಕೆ ತಕ್ಕ ನಡತೆಯೂ ಗೊತ್ತು. ಈ ಸೀಮೆಯ ಮ್ಯಾಸ ನಾಯಕರ ಹಬ್ಬಗಳಲ್ಲಿ ದೇವರ ಎತ್ತುಗಳು ಓಡುವಾಗ, ಮುಂದೆ ಓಡುವ ಕಿಲಾರಿಗೂ (ಎತ್ತು ಕಾಯುವವನಿಗೂ) ಹಿಂದೆ ಬರುವ ಎತ್ತಿಗೂ ಬಡಿತವೂ ಏರುತ್ತದೆ, ಒತ್ತಡವೂ ಏರುತ್ತದೆ. ಲೆಕ್ಕದ ಪ್ರಕಾರ ನರ ಅಡ್ಡಬರಬೇಕು. ಬರುವುದಿಲ್ಲ, ಅಷ್ಟು ಹೊತ್ತಿಗೆ ಸರಿ-ತಪ್ಪಿನ ಗೆರೆಯನ್ನೇ ಮೇಲಕ್ಕೆ ಎಳೆದುಕೊಂಡಿರುತ್ತದೆ. ನರಕ್ಕೆ ಪುರುಸೊತ್ತೇ ಸಿಗದ ಸಂದರ್ಭವೂ ಉಂಟು. ಇದೇ ಸೀಮೆಯ ಅಮೃತಮಹಲ್ ಕಾವಲಿನಲ್ಲಿ ಈಗ ರಕ್ಷಣಾ ಇಲಾಖೆಯ ವಿಮಾನ ಪರೀಕ್ಷಾ ನೆಲೆ ಇದೆ. 2016ರಲ್ಲಿ ರುಸ್ತುಂ-2 ಎಂಬ ಡ್ರೋನ್ ಮೊದಲು ಹಾರಿದ್ದು ಅಲ್ಲೇ, ಪೈಲಟ್ ಇಲ್ಲದೆ. ಯುದ್ಧವಿಮಾನ ಗಕ್ಕನೆ ತಿರುಗಿದರೆ ಪೈಲಟ್‌ನ ರಕ್ತ ಕಾಲಿಗಿಳಿಯುತ್ತದೆ. ನರ ಎಚ್ಚೆತ್ತು ಸರಿಪಡಿಸುವಷ್ಟರಲ್ಲಿ ಪ್ರಜ್ಞೆಯೇ ಹೋಗಿರಬಹುದು. ಅದಕ್ಕೇ ಕಾಲು, ಹೊಟ್ಟೆ ಅದುಮುವ ಉಡುಪು. ರುಸ್ತುಂಗೆ ಕೊರಳೂ ಇರಲಿಲ್ಲ, ಉಡುಪೂ ಬೇಕಿರಲಿಲ್ಲ. ಕೆಳಗೆ ಮೇಯುವ ಕುರಿಗಳ ತಲೆಮೇಲೆ ಅದು ನಿಶ್ಚಿಂತೆಯಿಂದ ಸುತ್ತಿತು.

ಇಷ್ಟು ಹೊಗಳಿದ ಮೇಲೆ ಈ ನರದ ಒಂದು ದೋಷವನ್ನೂ ಹೇಳಬೇಕು. 1973ರಲ್ಲಿ ಕೌಲಿ, ಗೈಟನ್ ಎಂಬ ವಿಜ್ಞಾನಿಗಳು ಮತ್ತು ಸಂಗಡಿಗರು ಈ ನರಗಳನ್ನು ಕತ್ತರಿಸಿದ ನಾಯಿಗಳ ಒತ್ತಡವನ್ನು ಇಡೀ ದಿನ ಅಳೆದರು. ಸರಾಸರಿ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಏರಿಳಿತ ಮಾತ್ರ ಹುಚ್ಚಾಪಟ್ಟೆ. ಅಂದರೆ ನರ ಕಾಯುವುದು ಗಳಿಗೆಯ ಏರುಪೇರನ್ನು. ವರ್ಷಗಳ ಲೆಕ್ಕ ಬಹುಪಾಲು ಮೂತ್ರಪಿಂಡದ್ದು. ಒತ್ತಡ ಏರಿ ಕೆಲವು ದಿನ ಅಲ್ಲೇ ಉಳಿದರೆ, ನರ ಅದನ್ನೇ ಸರಿಯೆಂದು ಒಪ್ಪಿಕೊಂಡು ಸುಮ್ಮನಾಗುತ್ತದೆ. ಮೇಲಾಗಿ ಅದನ್ನೇ ಕಾಯಲು ಶುರುಮಾಡುತ್ತದೆ.

"ನನಗೇನೂ ಅನ್ಸಲ್ಲ, ಮಾತ್ರೆ ಯಾಕೆ?" ಎಂದು ನಮ್ಮ ಹಿರಿಯರು ವಾದಿಸುವಾಗ ಅವರ ಪರ ಸಾಕ್ಷಿ ಹೇಳುವುದು ಈ ನರವೇ. ಮಾತ್ರೆ ಶುರುಮಾಡಿದ ಮೊದಲ ದಿನಗಳಲ್ಲಿ ಕೆಲವರಿಗೆ ಎದ್ದಾಗ ತಲೆ ತಿರುಗುತ್ತದೆ, ಕೇಸು ಇನ್ನೂ ಗಟ್ಟಿಯಾಗುತ್ತದೆ. ಮೊಳಕಾಲ್ಮೂರಿನ ಯಜಮಾನರೊಬ್ಬರಿಗೆ ಡಾಕ್ಟರು ಇದನ್ನೆಲ್ಲ ತಾಳ್ಮೆಯಿಂದ ವಿವರಿಸಿದರು. ಯಜಮಾನರು ಅಷ್ಟನ್ನೂ ಕೇಳಿ, "ಹಂಗಾರೆ ತಪ್ಪು ಆ ನರದ್ದು. ಮಾತ್ರೆ ಅದಕ್ಕೇ ಕೊಡ್ರಿ ಡಾಕ್ಟ್ರೇ, ನನಗ್ಯಾಕೆ?" ಎಂದರು.

"ಏನ್ ಮಾಡೋದು ಯಜಮಾನ್ರೇ, ಅದಕ್ಕೂ ನಿಮಗೂ ಬಾಯಿ ಒಂದೇ" ಎಂದು ಡಾಕ್ಟರು ನೀರಿನ ಲೋಟ ಮುಂದಿಟ್ಟರು.