ಕಾರು ಯಾರದ್ದು ಅಕ್ಕ?

ಕುವೈತಿನ ಫಹಾಹೀಲಿನಲ್ಲಿರುವ ನಮ್ಮ ಕಟ್ಟಡಕ್ಕೆ ಬೇಲಿಯೂ ಇಲ್ಲ, ಕಂಪೌಂಡೂ ಇಲ್ಲ. ಇರುವುದು ಅಕ್ಕಪಕ್ಕದ ಎರಡು ಬಾಲ್ಕನಿ, ನಡುವೆ ಎರಡು ಮೊಳ ಗಾಳಿ. ಶುಕ್ರವಾರ ಬಟ್ಟೆ ಒಣಗಹಾಕುವ ನೆಪದಲ್ಲಿ ಅಲ್ಲಿ ಹಾದುಹೋಗದ ಸುದ್ದಿಯಿಲ್ಲ. ಆಚೆ ಬಾಲ್ಕನಿಯ ಅಕ್ಕ ಕುಂದಾಪುರದ ಕಡೆಯವರು, ಕುವೈತ್ ಟವರ್ಸ್ ಜನರಿಗೆ ತೆರೆದ 1979ರಲ್ಲೇ ಮದುವೆಯಾಗಿ ಬಂದವರು. ಈಗ ಊರಿಗೆ ಹೊರಟಿದ್ದಾರೆ, ಪೂರ್ತಿಯಾಗಿ. ಮಂಚದಡಿಯ ಪೆಟ್ಟಿಗೆ ಖಾಲಿಯಾಗುತ್ತಾ ಬಂದ ಹಾಗೆ ಒಂದೊಂದೇ ಆಲ್ಬಮ್ ನನ್ನ ಕೈಗೆ ದಾಟುತ್ತಿದೆ.

ಗಲ್ಫ್ ಫೋಟೋಕ್ಕೆ ಒಂದು ಶಾಸ್ತ್ರವೇ ಉಂಟು. ಅದು ಊರಿಗೆ ಕಳಿಸಲೆಂದೇ ತೆಗೆದದ್ದು. ಬೆನ್ನಹಿಂದೆ ಟವರ್ಸ್ ಇರಬೇಕು, ಇಲ್ಲವೇ ಉದ್ದದ ಕಾರು.

"ಕಾರು ನಿಮ್ಮದಾ ಅಕ್ಕ?"

"ನಮಗೆಲ್ಲಿಂದ ಮಾರಾಯ್ತಿ! ಯಾವುದೋ ಅರಬಿಯದ್ದು. ಅವ ಮಸೀದಿಯಿಂದ ಹೊರಗೆ ಬರುವುದರೊಳಗೆ ತೆಗೆದು ಮುಗಿಸಬೇಕಿತ್ತು. ನಮ್ಮ ಅತ್ತೆ ಇದನ್ನು ನೋಡಿ, ಕಾರು ಊರಿಗೆ ತರುವುದು ಯಾವಾಗ ಅಂತ ಕೇಳಿದ್ದರು."

ಮೂರು ಸಂಸಾರ ಒಂದೇ ಫ್ಲ್ಯಾಟಿನಲ್ಲಿ ಪರದೆ ಕಟ್ಟಿಕೊಂಡು ಇದ್ದದ್ದರ ಒಂದು ಫೋಟೋವೂ ಇಲ್ಲ. ಟೇಪ್ ರೆಕಾರ್ಡರಿನಲ್ಲಿ ಮಾತು ತುಂಬಿಸಿ, ರಜೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ ಕ್ಯಾಸೆಟ್ಟಿನಲ್ಲೂ ಅದೇ ಕಥೆ: ಇಲ್ಲಿ ಎಲ್ಲ ಸೌಖ್ಯ. ಮಾತಿನ ಹಿಂದೆ ಗುಂಯ್ ಎನ್ನುವ ಎಸಿಯ ಸದ್ದೇ ಊರಿನವರ ಕಿವಿಗೆ ಐಶ್ವರ್ಯ.

ಫೋಟೋದಲ್ಲಿ ಮುಖ ನೋಡಬಾರದು, ಅಂಚು ನೋಡಬೇಕು ಎಂದು ನನಗೆ ಹೊಳೆದದ್ದು ಆಮೇಲೆ. ಒಂದರಲ್ಲಿ ಅಕ್ಕ ನಗುತ್ತಿದ್ದಾರೆ, ಮೂಲೆಯಲ್ಲಿ ಮರದ ಹಡಗು, ಮೀನಿನ ಬುಟ್ಟಿ, ಅರ್ಧ ಮುದುಕ. ಅವ ಜುಬೇದಿ, ಅಂದರೆ ನಮ್ಮ ಮಾಂಜಿ, ಮಾರುವವ. ಬೆಲೆ ಹೇಳುವುದು ದಿನಾರಿನಲ್ಲಲ್ಲ, ರೂಪಾಯಿಯಲ್ಲಿ! 75 ಫಿಲ್ಸಿಗೆ ಒಂದು ರೂಪಾಯಿ. 1961ರಲ್ಲಿ ದಿನಾರು ಬರುವವರೆಗೆ ಇಲ್ಲಿ ನಡೆಯುತ್ತಿದ್ದದ್ದು ರೂಪಾಯಿಯೇ ತಾನೆ. ಹಡಗು ಕಟ್ಟುವ ತೇಗ ಬರುತ್ತಿದ್ದದ್ದೂ ಮಲಬಾರಿನಿಂದ. ಹರಕು ಹಿಂದಿಯಲ್ಲಿ ಅವನೇ ಅಕ್ಕನಿಗೆ ಚೌಕಾಸಿ ಕಲಿಸಿದನಂತೆ.

ಕನ್ನಡ ಕೂಟ ಹುಟ್ಟಿದ್ದು 1984ರಲ್ಲಿ. ಒಂದು ರಾಜ್ಯೋತ್ಸವದ ಫೋಟೋದಲ್ಲಿ ರೇಷ್ಮೆ ಸೀರೆಗಳ ಸಾಲು. "ಹಿಂದಿನ ಪರದೆ ನಮ್ಮ ಬೆಡ್‌ಶೀಟು," ಎಂದರು ಅಕ್ಕ. ನೋಡಿದರೆ ಹೌದು, ದಿಂಬಿನ ಜಾಗದಲ್ಲಿ ಎಣ್ಣೆ ಕಲೆ.

1990ರ ಜುಲೈಯಲ್ಲಿ ಮಗಳ ಹುಟ್ಟುಹಬ್ಬ. ಆಮೇಲಿನ ಫೋಟೋ 1991ರದ್ದು. ನಡುವೆ ಏನೂ ಇಲ್ಲ. ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ನುಗ್ಗಿತು. ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿಯ ಡೇರೆ, ಅಮ್ಮಾನಿನಿಂದ ಏರ್ ಇಂಡಿಯಾದಲ್ಲಿ ಬೊಂಬಾಯಿ. ಸುಮಾರು 1,70,000 ಭಾರತೀಯರನ್ನು ಆಗ ಹೀಗೆ ಹೊತ್ತು ತಂದರು. ಚಿನ್ನ ಅಕ್ಕನ ಸೊಂಟದಲ್ಲಿ, ಆಲ್ಬಮ್ ಮಗುವಿನ ಬಟ್ಟೆಯ ಗಂಟಿನಲ್ಲಿ. ಕ್ಯಾಮೆರಾ? "ಅದನ್ನು ದಾರಿಯಲ್ಲಿ ಕೊಟ್ಟು ನೀರು ತಗೊಂಡೆವು."

91ರ ಫೋಟೋದಲ್ಲಿ ಭಾವ ಒಬ್ಬರೇ. ಕೆಲಸಕ್ಕೆಂದು ಮೊದಲು ವಾಪಸು ಬಂದವರು. ಮುಖದ ಮೇಲೆ ಫ್ಲ್ಯಾಶಿನ ಬಿಳುಪು, ಹಿಂದೆಲ್ಲ ಕತ್ತಲೆ. ರಾತ್ರಿಯದ್ದಾ ಎಂದೆ. ಮಧ್ಯಾಹ್ನದ್ದಂತೆ! ಇಲ್ಲೇ ಬುರ್ಗಾನಿನ ಎಣ್ಣೆಬಾವಿಗಳು ಉರಿಯುತ್ತಿದ್ದವು. ದೇಶದಲ್ಲಿ ಹೊತ್ತಿಸಿಟ್ಟ ಆರುನೂರಕ್ಕೂ ಹೆಚ್ಚು ಬಾವಿಗಳಲ್ಲಿ ಕೊನೆಯದ್ದು ಆರಿದ್ದು ನವೆಂಬರ್ 6ಕ್ಕೆ. ಈ ಫೋಟೋ ಮಾತ್ರ ಭಾವ ಊರಿಗೆ ಕಳಿಸಲಿಲ್ಲ. ಬದಲಿಗೆ ಟವರ್ಸ್ ಎದುರು ನಿಂತ ಹಳೆಯದೊಂದನ್ನು ಕಳಿಸಿದ್ದರು. ಅಕ್ಕನಿಗೆ ಅದರ ಸಿಟ್ಟು ಇನ್ನೂ ಇಳಿದಿಲ್ಲ.

ಮಗಳು, ಎಲ್ಲ ಸ್ಕ್ಯಾನ್ ಮಾಡಿ ಭಾರ ಕಡಿಮೆ ಮಾಡು ಎನ್ನುತ್ತಾಳೆ. "ಫೋಟೋದ ಹಿಂದೆ ಬರೆದದ್ದು ಸ್ಕ್ಯಾನಿಗೆ ಬರ್ತದಾ?" ಎಂದು ಅಕ್ಕನ ಪ್ರಶ್ನೆ. ಬರುತ್ತದೆ, ಮಗುಚಿ ಹಾಕಿದರಾಯಿತು ಎಂದು ನಾನು ಹೇಳಲು ಹೋಗಲಿಲ್ಲ. ಆಲ್ಬಮ್ಮುಗಳು ಸೂಟ್‌ಕೇಸಿಗೆ ಹೋದವು. ಮಿಕ್ಸಿಗೆ ಜಾಗವಿಲ್ಲದೆ ನನ್ನ ಪಾಲಾಯಿತು. ಜಾರಿನ ರಬ್ಬರು ಹೋಗಿದೆ ಎಂದು ಈಗಲೇ ಹೇಳಿಟ್ಟಿದ್ದಾರೆ.