ಶಿರಸ್ತ್ರಾಣರಾಯರ ಕೇಶವೈಭವ

ಮನುಷ್ಯನ ತಲೆಯೊಳಗೆ ಏನಿದೆಯೆಂಬುದನ್ನು ಅರಿಯಲು ಬಹುಕಾಲದ ಸಹವಾಸ ಬೇಕು. ಆದರೆ ಭಾನುವಾರ ಬೆಳಗ್ಗೆ ಆತನು ಸೈಕಲ್ ತುಳಿದು ಬಂದನೆಂಬುದನ್ನು ಅರಿಯಲು ಅದೇ ತಲೆಯ ಹೊರಭಾಗವನ್ನು ಒಮ್ಮೆ ನೋಡಿದರೆ ಸಾಕು. ಬೆಂಗಳೂರಿನ ಜಯನಗರದಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ, ಹತ್ತು ಗಂಟೆಯ ಸುಮಾರಿಗೆ ದರ್ಶಿನಿಯೊಂದರ ಮುಂದೆ, ಇಡ್ಲಿ-ವಡೆಯ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಕುಕ್ಕುವ ಬಣ್ಣದ ಅಂಗಿಯನ್ನೂ, ಗೃಹಸ್ಥರಾದವರು ಪರರ ದೃಷ್ಟಿಗೆ ಬೀಳಿಸಲು ಸಂಕೋಚಪಡಬೇಕಾದಷ್ಟು ಬಿಗಿಯಾದ ಚಡ್ಡಿಯನ್ನೂ ಧರಿಸಿ, ಐವತ್ತರ ಆಸುಪಾಸಿನ ಮಹನೀಯರೊಬ್ಬರು ನಿಂತಿರುತ್ತಾರೆ. ಇವರಿಗೆ ನಾನು ಶಿರಸ್ತ್ರಾಣರಾಯರೆಂದು ನಾಮಕರಣ ಮಾಡಿದ್ದೇನೆ. ಬ್ಯಾಂಕಿನ ಅಧಿಕಾರಿಯೋ, ದಂತವೈದ್ಯರೋ, ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರೋ ಆಗಿರುವ ಇವರು ವಾರದ ಆರು ದಿನವೂ ಬೈತಲೆ ಒಂದೆಳೆ ತಪ್ಪದಂತೆ ಕ್ರಾಪು ಬಾಚಿಕೊಂಡು ಸಭ್ಯತೆಯೇ ಮೂರ್ತಿವೆತ್ತು ಬಂದವರು. ಏಳನೆಯ ದಿನ ಮಾತ್ರ ಅವರ ಶಿರೋಭಾಗದಲ್ಲಿ ನಡೆದಿರುವುದಕ್ಕೆ ಯಾವ ಕ್ಷೌರಶಾಸ್ತ್ರದಲ್ಲಿಯೂ ಹೆಸರಿಲ್ಲ.

ಆ ರಚನೆಯನ್ನು ಸಾವಧಾನವಾಗಿ ಅವಲೋಕಿಸಬೇಕು. ಥರ್ಮೋಕೋಲಿನ ಜಾತಿಗೆ ಸೇರಿದ ಗಟ್ಟಿ ನೊರೆಯಿಂದ ಮಾಡಿದ ಸೈಕಲ್ ಹೆಲ್ಮೆಟ್ಟಿನಲ್ಲಿ ಗಾಳಿಯಾಡಲೆಂದು ಹಣೆಯಿಂದ ಹಿಂದಲೆಯ ಪರ್ಯಂತ ನೀಳವಾದ ಕಿಂಡಿಗಳಿರುತ್ತವೆ. ಕಿಂಡಿಗಳ ನಡುವಣ ಪಟ್ಟಿಗಳ ಒಳಮೈಗೆ ಮೆತ್ತೆಗಳನ್ನು ಅಂಟಿಸಿರುತ್ತಾರೆ. ಮೆತ್ತೆಯ ಅಡಿ ಸಿಕ್ಕ ಕೂದಲು ನೆತ್ತಿಗೆ ಕಚ್ಚಿಕೊಳ್ಳುತ್ತದೆ; ಕಿಂಡಿಯ ಅಡಿ ಇರುವುದು ಆಕಾಶವನ್ನರಸಿ ಏಳುತ್ತದೆ. ನಾಲ್ಕೈದು ಗಂಟೆಗಳ ತರುವಾಯ ರಾಯರು ಗದ್ದದ ಕೆಳಗಣ ಕೊಂಡಿಯನ್ನು ಬಿಚ್ಚಿ, ಹೆಲ್ಮೆಟ್ಟನ್ನು ಮೇಲಕ್ಕೆತ್ತಿ ಸೈಕಲ್ಲಿನ ಹ್ಯಾಂಡಲ್ಲಿಗೆ ತಗುಲಿಸಿದಾಗ, ಮುಂಗಾರಿಗೆ ಮುನ್ನ ಉತ್ತುಬಿಟ್ಟ ರಾಗಿಹೊಲದಂತೆ ಸಾಲು ದಿಣ್ಣೆ ಸಾಲು ದಿಣ್ಣೆಯಾಗಿ ಅವರ ಶಿರಸ್ಸು ಸಾರ್ವಜನಿಕರಿಗೆ ದರ್ಶನವೀಯುತ್ತದೆ. ಹಿಂದಲೆಯಲ್ಲಿ ಬಿಗಿತವನ್ನು ಹೊಂದಿಸುವ ಪುಟ್ಟ ತಿರುಪೊಂದುಂಟು. ಅದು ಒತ್ತಿದ ಕಡೆ ಒಂದು ತಗ್ಗು, ಅದರ ಕೆಳಗೆ ಸೆರೆತಪ್ಪಿಸಿಕೊಂಡ ಕೂದಲಿನ ದಂಗೆ. ಕಿವಿಯ ಮೇಲಣ ನರೆಗೂದಲಾದರೋ ಪಟ್ಟಿಗಳ ಹಿಡಿತಕ್ಕೂ ಸಿಕ್ಕದೆ, ಬೈತಲೆಯ ಶಾಸನಕ್ಕೂ ಒಳಪಡದೆ, ಎಡಬಲಗಳಿಗೆ ಅಡ್ಡಲಾಗಿ ಚಾಚಿಕೊಂಡು, ದರ್ಶಿನಿಯ ಕಿರಿದಾದ ಜಾಗದಲ್ಲಿ ಪಕ್ಕದವರ ಕಾಫಿ ಲೋಟದ ಬಗೆಗೆ ನಮ್ಮಲ್ಲಿ ಆತಂಕವನ್ನು ಹುಟ್ಟಿಸುತ್ತದೆ.

ಕೇಶಹೀನರಿಗೆ ಈ ಭಾಗ್ಯವಿಲ್ಲವೆಂದು ಭಾವಿಸಬಾರದು. ಕಿಂಡಿಗಳ ಮೂಲಕ ಬಿದ್ದ ಬಿಸಿಲು ನೆತ್ತಿಯನ್ನು ಕಪ್ಪಾಗಿಸಿ, ಪಟ್ಟಿಗಳ ಅಡಿಯ ಚರ್ಮವನ್ನು ಬೆಳ್ಳಗೆ ಉಳಿಸುವುದರಿಂದ, ಹುಟ್ಟಾ ಸ್ಮಾರ್ತರಾದ ರಾಯರೊಬ್ಬರ ಹಣೆಯಿಂದ ನೆತ್ತಿಯವರೆಗೆ ನಿಚ್ಚಳವಾದ ಊರ್ಧ್ವಪುಂಡ್ರಗಳು ಮೂಡಿದ್ದವು. ಮದುವೆಮನೆಯ ಪಂಕ್ತಿಯಲ್ಲಿ ಎದುರು ಕುಳಿತ ಅಯ್ಯಂಗಾರ್ ವೃದ್ಧೆಯೊಬ್ಬರು ಬಹಳ ಹೊತ್ತು ಪರಾಂಬರಿಸಿ, “ನೀವು ವಡಗಲೆಯೋ, ತೆಂಗಲೆಯೋ?” ಎಂದು ವಿಚಾರಿಸಿದರು. “ನಾವು ಸೈಕಲ್ಲಮ್ಮಾ” ಎಂದು ರಾಯರು ವಿನಯದಿಂದ ಉತ್ತರಿಸಿದರಂತೆ.

ಈ ವಿಕಾರಕ್ಕೆ ಪರಿಹಾರವಿಲ್ಲವೇ ಎಂದರೆ, ಉಂಟು. ಅದು ನಾಚಿಕೆಪಡುವಷ್ಟು ಸುಲಭವಾದುದು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದುದು; ಅದರ ಆಕಾರವನ್ನು ಹಿಡಿದಿಡುವ ಬಂಧಗಳಲ್ಲಿ ಜಲಜನಕದವು ತೇವ ತಗುಲಿದೊಡನೆ ಸಡಿಲಗೊಂಡು, ಒಣಗುವಾಗ ಕೂದಲು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ನಂದಿಬೆಟ್ಟವನ್ನು ಏರುವಾಗಿನ ಬೆವರು ಬಂಧವನ್ನು ಬಿಚ್ಚುತ್ತದೆ, ಹೆಲ್ಮೆಟ್ಟು ಅಚ್ಚೊತ್ತುತ್ತದೆ, ಇಳಿಯುವಾಗಿನ ಗಾಳಿ ಅದನ್ನು ಒಣಗಿಸಿ ಕಾಯಂಗೊಳಿಸುತ್ತದೆ. ಆದ್ದರಿಂದ ಒಂದು ಬೊಗಸೆ ನೀರು, ಒಂದು ಬಾಚಣಿಗೆ, ಇಷ್ಟರಲ್ಲಿ ರಾಯರು ಪುನಃ ಸೋಮವಾರದ ಮನುಷ್ಯರಾಗಬಹುದು. ದರ್ಶಿನಿಯ ಕೈತೊಳೆಯುವ ತೊಟ್ಟಿ ಎರಡು ಮಾರು ದೂರದಲ್ಲಿದೆ. ಅದರ ಮೇಲೆ ಕನ್ನಡಿಯೂ ಇದೆ. ರಾಯರು ಅಲ್ಲಿಗೆ ಹೋಗುತ್ತಾರೆ, ಕೈ ತೊಳೆಯುತ್ತಾರೆ, ಕನ್ನಡಿಯನ್ನು ನೋಡುತ್ತಾರೆ, ಪ್ರಸನ್ನರಾಗುತ್ತಾರೆ, ತಲೆಯನ್ನು ಮುಟ್ಟದೆ ಹಿಂತಿರುಗುತ್ತಾರೆ.

ರಾಯರ ಸ್ವಭಾವದ ಕೀಲಿಕೈ ಇರುವುದು ಇಲ್ಲಿಯೇ. ನಗರದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿರುವ ನಂದಿಬೆಟ್ಟಕ್ಕೆ ಬ್ರಾಹ್ಮೀ ಮುಹೂರ್ತದಲ್ಲಿ ಹೊರಟು ಏದುಸಿರಿನಲ್ಲಿ ಹತ್ತಿ ಬಂದುದಕ್ಕೆ ಸಾಕ್ಷಿಗಳು ಯಾರು? ಮೊಬೈಲಿನಲ್ಲಿ ದಾಖಲೆಯುಂಟು ನಿಜ. ಆದರೆ ಅದನ್ನು ತೋರಿಸಬೇಕಾದರೆ ಎದುರಿನವರು ಕೇಳಬೇಕು, ಯಾರೂ ಕೇಳುವುದಿಲ್ಲ. ತಲೆಯಾದರೋ ಕೇಳದೆಯೇ ಹೇಳುತ್ತದೆ. ಆದುದರಿಂದಲೇ ಮನೆಗೆ ಬಂದೊಡನೆ ಹೆಂಡತಿ, “ರೀ, ತಲೆಗೆ ಒಂದಿಷ್ಟು ನೀರಾದ್ರೂ ಮುಟ್ಟಿಸ್ಕೊಳ್ಳಿ, ಬೀಗರು ಬರೋ ಹೊತ್ತಾಯ್ತು” ಎಂದು ಅಂಗಲಾಚಿದರೆ, “ಇರಲಿ ಬಿಡು, ಅವರೂ ನೋಡಲಿ” ಎಂಬ ಉತ್ತರ ಬರುತ್ತದೆ.

ಹಿಂದೆ ಹಳೆಯ ಮೈಸೂರಿನ ಗುಮಾಸ್ತರು ಕಚ್ಚೆಪಂಚೆ, ಕೋಟು, ಪೇಟಗಳ ಸಹಿತವಾಗಿ ಸೈಕಲ್ಲೇರಿ ಕಚೇರಿಗೆ ಹೋಗುತ್ತಿದ್ದರು. ಪೇಟದ ಒಳಗೂ ಕೂದಲು ನಲುಗುತ್ತಿದ್ದಿರಬೇಕು. ಆದರೆ ಪೇಟವನ್ನು ನಾಲ್ಕು ಜನರೆದುರು ತೆಗೆಯುವ ಪದ್ಧತಿ ಇಲ್ಲದ್ದರಿಂದ ಅವರ ಮರ್ಯಾದೆ ಉಳಿಯಿತು. ಯೂರೋಪಿನ ಪಂದ್ಯಗಾರರು ಬಹುಕಾಲ ಚರ್ಮದ ಮೆತ್ತನೆಯ ಪಟ್ಟಿಗಳನ್ನು ತಲೆಗೆ ಬಿಗಿದುಕೊಂಡು, ಅಥವಾ ಬರಿದಲೆಯಲ್ಲಿಯೇ ಓಡಿಸುತ್ತಿದ್ದರು. ನೊರೆಯ ಹೆಲ್ಮೆಟ್ಟನ್ನು ಅಮೆರಿಕದ ಬೆಲ್ ಕಂಪನಿ ಮಾರಾಟಕ್ಕೆ ತಂದದ್ದು 1975ರಲ್ಲಿ. ಪಂದ್ಯಗಾರನೊಬ್ಬನು ಬಿದ್ದು ಪ್ರಾಣ ಕಳೆದುಕೊಂಡ ಬಳಿಕ 2003ರಲ್ಲಿ ವೃತ್ತಿಪರ ಪಂದ್ಯಗಳಲ್ಲಿ ಅದು ಕಡ್ಡಾಯವಾಯಿತು.

ರಾಯರ ಅತ್ಯಂತ ಪ್ರಿಯವಾದ ಉಪಾಖ್ಯಾನ ಮಾತ್ರ 1989ನೆಯ ಇಸವಿಯದು. ಫ್ರಾನ್ಸ್ ದೇಶವನ್ನು ಸುತ್ತುವ ಆ ವರ್ಷದ ಮಹಾಪಂದ್ಯದ ಕೊನೆಯ ದಿನ, ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ 24.5 ಕಿಲೋಮೀಟರ್‌ಗಳ ಓಟದಲ್ಲಿ, 50 ಸೆಕೆಂಡು ಮುಂದಿದ್ದ ಲೋರಾಂ ಫಿನ್ಯೋಂ ಬರಿದಲೆಯಲ್ಲಿ, ಹಿಂದೆ ಕಟ್ಟಿದ ಜುಟ್ಟನ್ನು ಗಾಳಿಗೆ ಹಾರಿಸುತ್ತ ಹೊರಟನು; ಗ್ರೆಗ್ ಲೆಮಾಂಡ್ ಗಾಳಿ ಸೀಳುವ ನೀಳ ಹೆಲ್ಮೆಟ್ಟನ್ನು ಧರಿಸಿ ಹೊರಟನು. ಮೂರು ವಾರಗಳ ಸಾಹಸವೆಲ್ಲ ಮುಗಿದಾಗ ಫಿನ್ಯೋಂ ಸೋತದ್ದು ಬರಿಯ 8 ಸೆಕೆಂಡುಗಳಿಂದ! “ಜುಟ್ಟು ಸ್ವಾಮೀ, ಜುಟ್ಟು!” ಎಂದು ರಾಯರು ಇಲ್ಲಿ ವಡೆಯನ್ನು ಮೇಲೆತ್ತಿ ಹಿಡಿಯುತ್ತಾರೆ. ಲೆಮಾಂಡನ ಸೈಕಲ್ಲಿಗೆ ಮುಂದಕ್ಕೆ ಚಾಚಿದ ಹೊಸಬಗೆಯ ಹ್ಯಾಂಡಲ್ ಇದ್ದುದನ್ನು, ಅದರಿಂದಲೂ ಅವನಿಗೆ ಬಹಳ ಲಾಭವಾದುದನ್ನು ಅವರು ಎಂದೂ ಹೇಳುವುದಿಲ್ಲ. ಹ್ಯಾಂಡಲ್ಲಿಗೂ ಅವರ ತಲೆಗೂ ಸಂಬಂಧವಿಲ್ಲವಷ್ಟೆ.

ಅವರ ಕ್ಷೌರಿಕನ ಪಾಡನ್ನೂ ಹೇಳಬೇಕು. ಮೊದಮೊದಲು ಆತನು ತನ್ನ ಕತ್ತರಿಯ ಕೀರ್ತಿಗೆ ಕುಂದು ಬಂದಿತೆಂದು ನೊಂದುಕೊಂಡನು; ಈಗ ಕುರ್ಚಿಯಲ್ಲಿ ಕೂರಿಸಿ ಬಟ್ಟೆ ಹೊದಿಸುತ್ತಲೇ, “ಸಾರ್, ತಲೆಗೆ ತಕ್ಕ ಹಾಗೆ ಹೊಡೀಲೋ, ಹೆಲ್ಮೆಟ್ಟಿಗೆ ತಕ್ಕ ಹಾಗೆ ಹೊಡೀಲೋ?” ಎಂದು ಕೇಳುತ್ತಾನೆ.

ನಕ್ಕದ್ದಾಯಿತು, ನ್ಯಾಯವನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯಿದೆ ಹೆಲ್ಮೆಟ್ಟನ್ನು ವಿಧಿಸಿರುವುದು ಮೋಟಾರು ಉಳ್ಳ ದ್ವಿಚಕ್ರ ವಾಹನಗಳ ಸವಾರರಿಗೆ. ಸೈಕಲ್ ಸವಾರನನ್ನು ಅದು ಕೇಳುವುದಿಲ್ಲ. ಪೋಲೀಸಿನವರನ್ನು ದೂರದಿಂದ ಕಂಡ ಮೇಲೆ ಪೆಟ್ರೋಲ್ ಟ್ಯಾಂಕಿನ ಮೇಲಣ ಹೆಲ್ಮೆಟ್ಟನ್ನು ತಲೆಗೇರಿಸುವ ಈ ನಗರದಲ್ಲಿ, ಯಾರ ಭಯವೂ ಇಲ್ಲದೆ, ದಂಡವಿಲ್ಲದೆ, ಕನ್ನಡಿಯ ಅಂಕೆಯೂ ಇಲ್ಲದೆ ಅದನ್ನು ಧರಿಸುವವರೆಂದರೆ ಶಿರಸ್ತ್ರಾಣರಾಯರು. ಆದುದರಿಂದ ವಾಚಕ ಮಹಾಶಯರೇ, ಬರುವ ಭಾನುವಾರ ಅವರು ಎದುರಾದರೆ ದಯವಿಟ್ಟು ಬಾಚಣಿಗೆಯನ್ನು ನೀಡಬೇಡಿ, “ಎಷ್ಟು ದೂರ ಹೋಗಿದ್ದಿರಿ, ರಾಯರೇ?” ಎಂದು ಕೇಳಿ. ಆದರೆ ಕೇಳುವ ಮುನ್ನ ಇನ್ನೊಂದು ಕಾಫಿಗೆ ಹೇಳಿ, ಮನೆಗೆ ಫೋನು ಮಾಡಿ ತಡವಾಗುತ್ತದೆಂದು ತಿಳಿಸಿಬಿಡಿ.